ಕುರಿ ಬಿಟ್ಟು ಯಾರು ಹೋಗಬೇಕು?

ರಾಯಬಾಗ ತಾಲ್ಲೂಕಿನ ಪಾಲಬಾವಿಯಲ್ಲಿ ತಾರವ್ವನಿಗೆ ಒಂದು ಕಾಲಕ್ಕೆ ದೊಡ್ಡ ಹೆಸರಿತ್ತು. ಕುರಿ ಕಾಯುವ ಮನೆಯ ಹೆಂಗಸಿಗೆ ಹೆಸರು ಬರುವುದು ಸುಲಭದ ಮಾತಲ್ಲ. ಮುಂಜಾನೆ ಮರಿಗಳ ಹಿಂದೆ ಎದ್ದು, ಮಟಮಟ ಮಧ್ಯಾಹ್ನ ಗಂಡನಿಗೆ ಬುತ್ತಿ ಹೊತ್ತು, ಸಂಜೆ ಮತ್ತೆ ಮರಿಗಳ ಹಿಂದೆ ಓಡುವವಳನ್ನು ಊರು ಯಾಕೆ ನೋಡುತ್ತದೆ? ಅವಳು ಕಾಮಣ್ಣನ ಹೆಂಡತಿ, ಅಲ್ಲಿಗೆ ಮುಗಿಯಿತು. ಆದರೆ ತಾರವ್ವ ಬೇರೆ. ಅವಳ ಮಗಳು ಮನಿಷಾಳ ಎದೆಯಲ್ಲಿ ತೂತು ಇತ್ತು, ಬೆಳಗಾವಿಯ ದೊಡ್ಡ ಡಾಕ್ಟರರು ಎದೆ ಸೀಳಬೇಕು ಎಂದಿದ್ದರು, ಬೀರಪ್ಪ ದೇವರು ಕತ್ತರಿ ಮುಟ್ಟಿಸದೆ ಗುಣ ಮಾಡಿದ. ಈ ಕಥೆ ಕುರಿಗಳ ಜೊತೆ ಊರೂರು ತಿರುಗಿತು.

ಕೂಸಿಗೆ ಕೆಮ್ಮು ಬಿಡದಿದ್ದರೆ, ಮೈ ಹಿಡಿಯದಿದ್ದರೆ ಮುಗಳಖೋಡದ ಕಡೆಯಿಂದಲೂ ತಾಯಂದಿರು ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ತಾರವ್ವ ಮಗಳನ್ನು ಕರೆದು ಎದುರಿಗೆ ನಿಲ್ಲಿಸುತ್ತಿದ್ದಳು. "ನೋಡ್ರಿ, ಇಕಿನ ಆ ಕೂಸು. ಈಗ ಏನಾದ್ರೂ ಕಾಣಸ್ತೈತೇನು?" ಎನ್ನುತ್ತಿದ್ದಳು. ಬಂದವರ ಕೂಸಿನ ಹಣೆಗೆ ದೇವರ ಭಂಡಾರ, ಅಂದರೆ ಅರಿಶಿನದ ಪುಡಿ, ಹಚ್ಚಿ ಕಳಿಸುತ್ತಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ. ಆದರೆ ಬಂದವರು "ತಾರಕ್ಕ" ಎಂದು ಕರೆದು ಕಾಲಿಗೆ ಬೀಳುವಾಗ ಅವಳ ಮುಖ ಅರಳುತ್ತಿತ್ತು. ಹುಟ್ಟಿದಾಗಿನಿಂದ ಯಾರ ಬಾಯಲ್ಲೂ ಕೇಳದ ಹೊಗಳಿಕೆ ಅದು. ಅದು ಸಿಹಿಯಾಗಿ ಕಂಡರೆ ತಪ್ಪೇನು?

ಮನಿಷಾ ಹುಟ್ಟುವಾಗ ಗುಂಡಗುಂಡಗೇ ಇದ್ದಳು. ಎರಡು ತಿಂಗಳು ತುಂಬುವುದರೊಳಗೆ ಮೊಲೆ ಕುಡಿಯುವಾಗ ಹಣೆಯ ಮೇಲೆ ಬೆವರು ಕೂಡತೊಡಗಿತು. ನಾಲ್ಕು ಗುಟುಕು ಕುಡಿದು ದಣಿದು ಬಾಯಿ ಬಿಡುತ್ತಿದ್ದಳು. ಎದೆ ಸದಾ ಗೊರಗೊರ. ತಿಂಗಳಿಗೊಮ್ಮೆ ನ್ಯುಮೋನಿಯಾ ಎಂದು ರಾಯಬಾಗದ ಆಸ್ಪತ್ರೆ. ಹಾಲು ಎಳೆಯದ ಮರಿ ಉಳಿಯುವುದಿಲ್ಲ ಎಂಬುದನ್ನು ತಾರವ್ವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ರಾತ್ರಿ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತ ಕೂರುತ್ತಿದ್ದಳು. ಊರಿನ ಆಶಾ ಕಾರ್ಯಕರ್ತೆಯೇ ಮುಂದಾಗಿ ಬೆಳಗಾವಿಗೆ ಕರೆದುಕೊಂಡು ಹೋದಳು. ಅಲ್ಲಿ ಯಂತ್ರ ಹಚ್ಚಿ ನೋಡಿದರು. ಹೃದಯದ ನಡುಗೋಡೆಯಲ್ಲಿ ತೂತಿದೆ, ದೊಡ್ಡದಿದೆ, ಮುಚ್ಚಬೇಕು ಎಂದರು. ಸಂಬಂಧದಲ್ಲಿ ಲಗ್ನವಾಗಿದೆಯೇ ಎಂದು ಕೇಳಿದರು. ಆಗಿತ್ತು. ಕಾಮಣ್ಣ ಅವಳ ಸೋದರತ್ತೆಯ ಮಗ. ಖರ್ಚೆಲ್ಲ ಸರ್ಕಾರದ್ದು, ನೀವು ಚಿಂತೆ ಮಾಡಬೇಡಿ, ದೀಪಾವಳಿ ಮುಗಿಸಿ ಬನ್ನಿ, ಒಂದು ತಿಂಗಳು ಇಬ್ಬರೂ ಇಲ್ಲೇ ಇರುವ ತಯಾರಿ ಮಾಡಿಕೊಂಡು ಬನ್ನಿ ಎಂದರು.

ಖರ್ಚು ಸರ್ಕಾರದ್ದು, ನಿಜ. ಆದರೆ ಕುರಿಗಳು ಸರ್ಕಾರದವಲ್ಲವಲ್ಲ. ದೀಪಾವಳಿ ಎಂದರೆ ಕುರಿ ಕಾಯುವವರು ಊರು ಬಿಡುವ ಹೊತ್ತು. ಮಳೆಗಾಲದ ಹುಲ್ಲು ಅಷ್ಟೊತ್ತಿಗೆ ತೀರಿರುತ್ತದೆ. ಕೃಷ್ಣಾ ದಂಡೆಯ ಕಡೆ ಕಬ್ಬು ಕಡಿದ ಹೊಲಗಳು ಬಯಲಾಗತೊಡಗುತ್ತವೆ. ಹಗಲು ಅಲ್ಲಿ ಮೇಯಿಸಿ, ರಾತ್ರಿ ಯಾರದಾದರೂ ಹೊಲದಲ್ಲಿ ಕುರಿ ಕೂಡಿಸಿದರೆ ಹೊಲಕ್ಕೆ ಗೊಬ್ಬರ, ಇವರಿಗೆ ಜೋಳ. ಹಿಂಡಿನ ಮುಂದೊಬ್ಬ, ಹಿಂದೊಬ್ಬ, ಬಿಡಾರದಲ್ಲಿ ಎಳೆ ಮರಿಗಳ ಹತ್ತಿರ ಒಬ್ಬಳು. ಇಷ್ಟು ಮಂದಿ ಇಲ್ಲದೆ ಹಿಂಡು ನಡೆಸುವುದು ಕಷ್ಟ.

ಆ ವರ್ಷವೇ ಕಾಮಣ್ಣ ಮತ್ತು ತಮ್ಮ ಮಾಳೇಶ ಬೇರೆಯಾದರು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಕುರಿಗಳು ಜಗಳವಿಲ್ಲದೆ ಸಮಪಾಲಾದವು. ಉಳಿದದ್ದು ಒಂದು ಕುದುರೆ. ಬಿಡಾರದ ಪಾತ್ರೆ, ಕಂಬಳಿ, ರಾತ್ರಿ ಕುರಿಗಳ ಸುತ್ತ ಕಟ್ಟುವ ಬಲೆ, ಎಳೆ ಮರಿ, ಮೊಲೆಗೂಸು ಎಲ್ಲವನ್ನೂ ಹೊರುತ್ತಿದ್ದ ಕಂದು ಹೆಣ್ಣುಗುದುರೆ. ಅದನ್ನು ಎರಡು ಪಾಲು ಮಾಡಲು ಬರುವುದಿಲ್ಲವಲ್ಲ. ಚೀಟಿ ಎತ್ತಿದರು, ಮಾಳೇಶನಿಗೆ ಹೋಯಿತು. ಚೀಟಿಯಲ್ಲಿ ಮೋಸವಾಯಿತು ಎಂದ ಕಾಮಣ್ಣ. ನಾಲ್ಕು ಮಂದಿಯ ಮುಂದೆ ಅಂದ ಮಾತು, ಹಿಂದಕ್ಕೆ ಬರಲಿಲ್ಲ. ಮಾತು ನಿಂತಿತು, ಹೊಸದಾಗಿ ಬಂದಿದ್ದ ಮಾಳೇಶನ ಹೆಂಡತಿ ಕೆಂಚವ್ವ ತಾರವ್ವನ ಒಲೆಯಿಂದ ಬೆಂಕಿ ಒಯ್ಯುವುದೂ ನಿಂತಿತು. ಒಂದು ಹಿಂಡಿಗೆ ನಾಲ್ವರು ಇದ್ದ ಕಡೆ ಈಗ ಎರಡು ಹಿಂಡು, ಹಿಂಡಿಗೆ ಇಬ್ಬರಿಬ್ಬರು.

ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ಬೆಳಗಾವಿಯ ನೆನಪು ಮಾಡಿದಾಗ ಉತ್ತರ ಕೊಟ್ಟದ್ದು ಕಾಮಣ್ಣನಲ್ಲ, ತಾರವ್ವನೇ. "ಹೋಳಿ ಆದ ಮ್ಯಾಲ ನೋಡೂಣ್ರಿ ಬಾಯಾರ. ಈಗ ಕುರಿ ಬಿಟ್ಟು ಯಾರ ಹೋಗಬೇಕ್ರಿ?"

ಇದನ್ನು ಓದಿ ನಾಲಿಗೆ ಲೊಚಗುಟ್ಟುವವರು ಒಂದು ತಿಳಿಯಬೇಕು. ಮನೆಗೆ ಬೀಗ ಹಾಕಿ ಹೋಗಬಹುದು, ಅಂಗಡಿಗೆ ಬಾಗಿಲು ಎಳೆದು ಹೋಗಬಹುದು. ಕುರಿ ದಿನಾ ಮೇಯಬೇಕು, ದಿನಾ ನೀರು ಕುಡಿಯಬೇಕು, ತಿಂಗಳು ಬಿಟ್ಟು ಬರುತ್ತೇವೆ ಎಂದರೆ ಅದಕ್ಕೆ ಅರ್ಥವಾಗುವುದಿಲ್ಲ. ತಾರವ್ವ ಕೂಸನ್ನು ಎತ್ತಿಕೊಂಡು ಬೀರಪ್ಪನ ಗುಡಿಗೆ ಹೋದಳು. ಒಂದು ಹೆಣ್ಣು ಮರಿಯನ್ನು ದೇವರ ಹೆಸರಿಗೆ ಬಿಟ್ಟಳು. ಸೆರಗಿನ ತುದಿಗೆ ಭಂಡಾರ ಕಟ್ಟಿಕೊಂಡು ಹಿಂಡಿನ ಹಿಂದೆ ನಡೆದಳು. ಕುದುರೆ ಇರಲಿಲ್ಲ, ಕೂಸು ಬೆನ್ನ ಮೇಲೆ. ಆ ಚಳಿಗಾಲ ಅಣ್ಣತಮ್ಮಂದಿರ ಬಿಡಾರಗಳು ಒಂದೇ ಕಾಲುವೆಯ ಆಚೆ ಈಚೆ ಬಿದ್ದವು. ಅವರ ಒಲೆಯ ಹೊಗೆ ಇವರಿಗೆ ಕಾಣುತ್ತಿತ್ತು, ಇವರ ಕೂಸಿನ ಕೆಮ್ಮು ಅವರಿಗೆ ಕೇಳುತ್ತಿತ್ತು. ಕಾಲುವೆ ದಾಟಿದವರು ಯಾರೂ ಇಲ್ಲ.

ಕೂಸಿಗೆ ವರ್ಷ ತುಂಬಿತು. ಕೆಮ್ಮು ಸಡಿಲಾಯಿತು. ಬೆವರು ನಿಂತಿತು. ಹಾಲು ಕುಡಿಯತೊಡಗಿತು, ರೊಟ್ಟಿಯ ತುಣುಕು ಚೀಪತೊಡಗಿತು. ಮರುವರ್ಷದ ಹೋಳಿಯ ಹೊತ್ತಿಗೆ ಕೆನ್ನೆ ತುಂಬಿ ಕೂತಿದ್ದಳು ಮನಿಷಾ. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಅದಕ್ಕಿಂತ ಕೆಟ್ಟದ್ದು ಅಲ್ಲಿ ನಡೆದಿತ್ತು. ಟೊಂಗೆ ಮುರಿದದ್ದು ಯಾರಿಗೂ ಕಾಣಲೇ ಇಲ್ಲ, ಕಾಗೆಯನ್ನಷ್ಟೇ ಕಂಡು ಎಲ್ಲರೂ ಕೈಮುಗಿದರು.

ಆಶಾ ಕಾರ್ಯಕರ್ತೆ ಬಿಡಲಿಲ್ಲ. ಒಮ್ಮೆಯಾದರೂ ತೋರಿಸಿ ಬನ್ನಿ ಎಂದು ಮತ್ತೆ ಮತ್ತೆ ಬಂದಳು. "ಆರಾಮ ಇದ್ದ ಕೂಸಿನ ಎದಿ ಸೀಳಸ್ಬೇಕೇನ್ರಿ? ಹೆಣ್ಣ ಹುಡುಗಿ, ನಾಳೆ ಎದಿ ಮ್ಯಾಲ ಹೊಲಿಗಿ ಕಂಡ್ರ ಯಾರ ಮಾಡ್ಕೋತಾರ?" ಎಂದಳು ತಾರವ್ವ. ಕಡೆಗೆ ಆಶಾ ಕಾರ್ಯಕರ್ತೆಯೂ ಬರುವುದನ್ನು ಬಿಟ್ಟಳು. ಹೆಸರು ಬೆಳೆದದ್ದು ಆಮೇಲೆ. ದೇವರಿಗೆ ಬಿಟ್ಟ ಮರಿ ಬೆಳೆದು, ಅದರ ಮರಿಗೆ ಮರಿಯಾಯಿತು.

ಮನಿಷಾ ನಡೆಯುವಾಗ ಎಲ್ಲರಿಗಿಂತ ಹಿಂದೆ ಇರುತ್ತಿದ್ದಳು, ಸ್ವಲ್ಪ ನಡೆದರೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಸಾಹುಕಾರರ ಮನೆಯಲ್ಲಿ ಹುಟ್ಟಬೇಕಾದವಳು ಎಂದು ಕಾಮಣ್ಣ ನಕ್ಕು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ. ಶಾಲೆಯ ಮೂರನೆಯ ಇಯತ್ತೆಯ ಹೊತ್ತಿಗೆ ಉಗುರುಗಳು ನೀಲಿಗಟ್ಟಿದವು. ಶಾಲೆಯ ಹುಡುಗರು "ಶಾಯಿ, ಶಾಯಿ" ಎಂದು ಕೂಗತೊಡಗಿದರು. ಅವಳು ಪ್ಯಾಟಿಯಿಂದ ಕೆಂಪು ಬಣ್ಣದ ಬಾಟಲಿ ತರಿಸಿಕೊಂಡು ಹತ್ತೂ ಉಗುರಿಗೆ ಹಚ್ಚಿದಳು. ಅವತ್ತಿನಿಂದ ಆ ಬಣ್ಣವಿಲ್ಲದೆ ಅವಳ ಕೈ ಯಾರೂ ನೋಡಿಲ್ಲ. ಮಕ್ಕಳ ಎದೆ ಪರೀಕ್ಷೆ ಮಾಡುವ ಡಾಕ್ಟರರು ಶಾಲೆಗೆ ಬರುತ್ತಿದ್ದದ್ದು ಚಳಿಗಾಲದಲ್ಲಿ. ಆಗ ಇವಳು ಅವ್ವ ಅಪ್ಪನ ಜೊತೆ ಹೊಳೆಯ ದಂಡೆಯಲ್ಲಿ. ಹೀಗೆ ವರ್ಷಗಟ್ಟಲೆ ತಪ್ಪಿತು.

ಕಳೆದ ಆಷಾಢದಲ್ಲಿ ಆ ಡಾಕ್ಟರರು ಅದೇನು ಕಾರಣಕ್ಕೋ ಬೇಗ ಬಂದರು. ಮನಿಷಾ ಶಾಲೆಯಲ್ಲಿದ್ದಳು. ಎದೆಗೆ ನಳಿಗೆ ಹಚ್ಚಿದ ಡಾಕ್ಟರಮ್ಮ ಬಹಳ ಹೊತ್ತು ತೆಗೆಯಲಿಲ್ಲ. ಮತ್ತೆ ಬೆಳಗಾವಿ, ಮತ್ತೆ ಯಂತ್ರ.

ಮಗಳನ್ನು ಹೊರಗೆ ಕೂರಿಸಿ ಡಾಕ್ಟರು ಗಂಡಹೆಂಡತಿಗೆ ತಿಳಿಯುವ ಹಾಗೆ ಹೇಳಿದರು. ಅವರೂ ಇದೇ ಸೀಮೆಯವರು. "ಕಾಲುವಿ ಒಡದು ಹೊಲಕ್ಕ ನೀರ ನುಗ್ಗತಿತ್ತು ಅಂತ ತಿಳೀರಿ. ಪುಪ್ಪಸಕ್ಕ ಹಂಗ ರಕ್ತ ನುಗ್ಗತಿತ್ತು, ಅದಕ್ಕ ಕೂಸು ಕೆಮ್ಮತಿತ್ತು. ದಿನಾ ನುಗ್ಗಿ ನುಗ್ಗಿ ಒಳಗಿನ ನರ ಬಿಗದ ಗಟ್ಟಿ ಆದ್ವು. ನೀರ ಒಳಗ ಹೋಗೂದ ನಿಂತ್ತು. ನೀವು ಕಾಲುವಿ ದುರಸ್ತಿ ಆತು ಅಂತ ತಿಳಕೊಂಡ್ರಿ." ಕೆಲವು ಮಕ್ಕಳಿಗೆ ತೂತು ತಾನಾಗಿಯೇ ಸಣ್ಣದಾಗಿ ಕೆಮ್ಮು ನಿಲ್ಲುವುದೂ ಉಂಟು, ಯಾವುದು ಎಂದು ನೋಡಿಯೇ ಹೇಳಬೇಕು, ನೀವು ತೋರಿಸಲಿಲ್ಲ ಎಂದರು. ಈಗ ತಡೆದ ರಕ್ತಕ್ಕೆ ಆ ತೂತೊಂದೇ ದಾರಿ, ಮುಚ್ಚಿದರೆ ಜೀವವೇ ಹೋಗುತ್ತದೆ, ಗುಳಿಗೆ ಕೊಡುತ್ತೇವೆ, ಇದ್ದಷ್ಟು ದಿನ ದಣಿಯದಂತೆ ನೋಡಿಕೊಳ್ಳಿ ಎಂದರು.

ಕಾಮಣ್ಣ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೂತುಬಿಟ್ಟ. ತಾರವ್ವನಿಗೆ ತಿರುಗಿ ತಿರುಗಿ ಒಂದೇ ನೆನಪು. ಕೆಮ್ಮು ನಿಂತ ದಿನ ಅವಳು ಬಿಡಾರದಲ್ಲಿ ಹೋಳಿಗೆ ಮಾಡಿದ್ದಳು. ಮಗಳು ಉಳಿಯುವ ಬಾಗಿಲು ಒಳಗಿನಿಂದ ಮುಚ್ಚಿಕೊಳ್ಳುತ್ತಿದ್ದ ದಿನ ತಾನು ಬೆಲ್ಲ ಕುದಿಸುತ್ತಿದ್ದೆ ಎಂಬುದು ಅವಳನ್ನು ಕೊಂದಿತು. ಅತ್ತು ಹಗುರಾಗುವ ದುಃಖವಲ್ಲ ಅದು.

ಹಿಂಡು ಮಾರಿದರು. ಹತ್ತಿಪ್ಪತ್ತು ಕುರಿ ಉಳಿಸಿಕೊಂಡು ಊರಲ್ಲೇ ನಿಂತರು. ಮಗಳಿಗೆ ಏನೂ ಹೇಳಲಿಲ್ಲ, ಶಕ್ತಿಯ ಗುಳಿಗೆ ಎಂದರು. ತಾಯಂದಿರು ಭಂಡಾರಕ್ಕೆ ಬಂದರೆ ತಾರವ್ವ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು, ಕಾಮಣ್ಣ ಅವಳು ಮನೆಯಲ್ಲಿಲ್ಲ ಎನ್ನುತ್ತಿದ್ದ.

ದೀಪಾವಳಿ ಕಳೆದ ಮೇಲೆ ಉಣ್ಣೆ ಕೊಳ್ಳುವ ಭಾವುಸಾಹೇಬ ಬಂದ. ಬಿಡಾರದಿಂದ ಬಿಡಾರಕ್ಕೆ ತಿರುಗುವ ಮನುಷ್ಯ, ಉಣ್ಣೆಯ ಜೊತೆ ಸುದ್ದಿಯನ್ನೂ ತರುತ್ತಾನೆ. "ನಿನ್ನ ನೆಗೆಣ್ಣಿ ಕೆಂಚವ್ವ ಹೇಳಿ ಕಳಿಸ್ಯಾಳ," ಎಂದ. ತಡವಾಗಿ ಹುಟ್ಟಿದ ಮಗ ಶೀತಲ್‌ನ ಎದೆಯಲ್ಲೂ ತೂತಂತೆ. ಬೆಳಗಾವಿಯವರು ಬಾ ಎಂದಿದ್ದಾರಂತೆ. "ಅಕ್ಕನ ಹಂಗ ನಾನೂ ಮರಿ ಬಿಟ್ಟೇನಿ, ಕೂಸು ವರ್ಷದ್ದಾತು, ಕೆಮ್ಮ ಕಡಿಮಿ ಆಗಾಕತ್ತೈತಿ. ಸಿಟ್ಟ ಮರತು ಒಂದ ಚಿಟಿಕಿ ಭಂಡಾರ ಕಳಸು ಅಂದಾಳ."

ತಾರವ್ವ ಅಲ್ಲೇ ಕೂತಳು. ಭಾವುಸಾಹೇಬ ಚಹಾ ಕುಡಿದು ಹೋದ ಮೇಲೂ ಏಳಲಿಲ್ಲ. ತನ್ನ ಕಥೆಯನ್ನು ಕೇಳಿ ಇನ್ನೆಷ್ಟು ತಾಯಂದಿರು ಮನೆಯಲ್ಲೇ ಉಳಿದರೋ, ಅವರ ಊರು ಯಾವುವೋ, ಅವಳಿಗೆ ನೆನಪಿಲ್ಲ. ಇದೊಂದು ಮನೆ ಗೊತ್ತು.

"ನಾ ಹೋಗ್ತೇನಿ," ಎಂದಳು ಗಂಡನಿಗೆ.

"ಮಾತ ಬಿಟ್ಟವರ ಬಿಡಾರಕ್ಕ?" ಎಂದ ಕಾಮಣ್ಣ. ಆಮೇಲೆ ತಾನೇ ಎದ್ದು ಹೋಗಿ ಬಸ್ಸಿನ ಹೊತ್ತು ಕೇಳಿಕೊಂಡು ಬಂದ. ಮಗಳನ್ನು ಬಿಟ್ಟಿರುವ ಧೈರ್ಯ ತಾರವ್ವನಿಗೆ ಇರಲಿಲ್ಲ, ಕೈಹಿಡಿದು ಕರೆದುಕೊಂಡೇ ಹೊರಟಳು.

ಉಗಾರ ಖುರ್ದದ ಆಚೆ, ಕಬ್ಬು ಕಡಿದ ಹೊಲದಲ್ಲಿ ಮಾಳೇಶನ ಬಿಡಾರ. ಸಕ್ಕರೆ ಕಾರ್ಖಾನೆಯ ಸಿಹಿ ಕಮಟು ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಮಾಳೇಶ ಬಲೆ ಹೊಲಿಯುತ್ತಿದ್ದವನು ತಲೆ ಎತ್ತಿ ಅತ್ತಿಗೆಯನ್ನು ನೋಡಿ, "ವೈನಿ ಬಂದಾಳ," ಎಂದು ಹೆಂಡತಿಗೆ ಹೇಳಿ ಮತ್ತೆ ಬಲೆಗೆ ಬಗ್ಗಿದ. ಕೆಂಚವ್ವ ಓಡಿ ಬಂದು ಕಾಲಿಗೆ ಬಿದ್ದಳು. ಕೂಸನ್ನು ತಂದು ತಾರವ್ವನ ಉಡಿಯಲ್ಲಿ ಹಾಕಿದಳು.

"ನೋಡಕ್ಕಾ, ಎಷ್ಟ ಆರಾಮ ಆಗ್ಯಾನ. ನಿನ್ನ ಹೆಸರ ತಗೊಂಡ ಮರಿ ಬಿಟ್ಟೆ."

"ಬೆಳಗಾವಿಗೆ ಯಾವಾಗ ಬಾ ಅಂದಾರ?"

"ಬರೂ ಸೋಮವಾರ. ಇನ್ಯಾಕ ಹೋಗೂದ ಬಿಡು. ನೀನೂ ಹೋಗಲಿಲ್ಲಲ್ಲ."

ಆ ಮಾತನ್ನು ಅವಳು ಪ್ರೀತಿಯಿಂದಲೇ ಆಡಿದಳು. ತಾರವ್ವ ಕೂಸನ್ನು ಉಡಿಯಿಂದ ಕೆಳಗಿಳಿಸಿದಳು. "ಹೋಗದ ಕೆಟ್ಟೆ, ಕೆಂಚಿ. ಕೆಮ್ಮ ಬಿಟ್ತು ಅಂತ ನಂಬಬ್ಯಾಡ. ಸೋಮವಾರ ಹೋಗು," ಎಂದಳು.

ಮಾಳೇಶ ಬಲೆ ಬಿಟ್ಟು ಎದ್ದ. "ಇಷ್ಟ ವರ್ಷ ನಮ್ಮ ಕಡೆ ತಲಿ ಹಾಕಲಿಲ್ಲ. ನಮಗ ಗಂಡ ಕೂಸ ಆಗಿ, ಅದು ಆರಾಮ ಆಗೂ ಹೊತ್ತಿಗೆ ಬಂದು ಅಪಶಕುನ ನುಡೀತಿ. ಹೊಟ್ಟಿಕಿಚ್ಚೇನು ವೈನಿ? ನಿನ್ನ ಮಗಳ ಇಲ್ಲೇ ಗುಂಡಕಲ್ಲಿನಂಗ ಕುಂತಾಳಲ್ಲ."

ಮನಿಷಾ ಕಂಬಳಿಯ ಮೇಲೆ ಕೂತಿದ್ದಳು. ಅಷ್ಟೊತ್ತಿಗಾಗಲೇ ಕೂಸು ಅವಳ ಕಡೆ ಅಂಬೆಗಾಲಿಟ್ಟು ಹೋಗಿ ಅವಳ ಬೆರಳು ಹಿಡಿದಿತ್ತು. ಅವಳು ನಗುತ್ತಿದ್ದಳು. ಅವಳನ್ನು ಕಣ್ಣಾರೆ ಕಂಡ ಯಾರೂ ತಾರವ್ವನ ಮಾತು ನಂಬುವ ಹಾಗಿರಲಿಲ್ಲ. ನಂಬಿಸಬೇಕಾದರೆ ಇಷ್ಟು ತಿಂಗಳು ಮಗಳ ಕಿವಿಗೆ ಬೀಳದಂತೆ ಕಾಯ್ದ ಮಾತನ್ನು ಬಾಯಿ ಬಿಟ್ಟು ಹೇಳಬೇಕು.

"ಮನಿಷಾ, ಕುದುರಿ ನೋಡ್ಕೊಂಡ ಬಾ ಹೋಗು."

"ಆಮ್ಯಾಲ ಹೋಗ್ತೇನವ್ವಾ. ಇಂವ ಬೆರಳ ಬಿಡವಲ್ಲ."

ತಾರವ್ವ ಕೂಸಿನ ತಲೆ ನೋಡಿದಳು, ಮಗಳ ತಲೆ ನೋಡಿದಳು. ಒಂದು ಉಳಿಯಬೇಕಾದರೆ ಇನ್ನೊಂದಕ್ಕೆ ಕೇಳಿಸಲೇಬೇಕು. "ಇಕಿದು ಇನ್ನ ಆಗಂಗಿಲ್ಲ ಅಂದಾರ," ಎಂದಳು. "ಕೆಮ್ಮ ನಿಂತಿದ್ದು ರೋಗ ಒಳಗ ಗಟ್ಟಿ ಆಗಿ. ಈಗ ಕತ್ತರಿ ಹಚ್ಚಿದ್ರ ಸಾಯ್ತಾಳಂತ. ಹಚ್ಚಲಿಲ್ಲಂದ್ರ ಎಷ್ಟ ದಿನ ಅಂತ ಡಾಕ್ಟರೂ ಹೇಳಲಿಲ್ಲ. ದೇವರ ಹೆಸರ ಹೇಳಿ ನಾ ಊರ ತುಂಬ ಸುಳ್ಳ ಹಂಚಿದೆ, ಕೆಂಚಿ. ಸುಳ್ಳ ಅಂತ ನನಗ ಗೊತ್ತಿರಲಿಲ್ಲ."

ಮನಿಷಾ ಅವ್ವನನ್ನು ನೋಡಿದಳು. ಅಳಲಿಲ್ಲ. ಕೂಸಿನ ಮುಷ್ಟಿಯಿಂದ ಬೆರಳು ಮೆಲ್ಲಗೆ ಬಿಡಿಸಿಕೊಂಡು ಹೆಬ್ಬೆರಳಿನ ಕೆಂಪು ಬಣ್ಣವನ್ನು ಇನ್ನೊಂದು ಉಗುರಿನಿಂದ ಕೆರೆಯತೊಡಗಿದಳು. ಚಕ್ಕೆ ಚಕ್ಕೆಯಾಗಿ ಕಂಬಳಿಯ ಮೇಲೆ ಬಿತ್ತು. ಕೆಳಗೆ ಉಗುರು ನೇರಳೆ ಹಣ್ಣಿನ ಬಣ್ಣಕ್ಕಿತ್ತು. ಕೆಂಚವ್ವನ ಕಡೆ ಕೈ ಚಾಚಿ, "ನೋಡ ಕಾಕು," ಎಂದಳು.

ಕೆಂಚವ್ವ ಆ ಕೈ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಕೂಸನ್ನು ಎಳೆದು ಎದೆಗವಚಿಕೊಂಡಳು. ಗಂಡನ ಮುಖ ನೋಡಿದಳು, ಹೊಲದ ತುಂಬ ಮೇಯುತ್ತಿದ್ದ ಹಿಂಡು ನೋಡಿದಳು. ಆಮೇಲೆ ಅಳುತ್ತಳುತ್ತ, "ಹೋಳಿ ಆದ ಮ್ಯಾಲ ಹೋಗ್ತೇವಕ್ಕಾ. ಈಗ ಕುರಿ ಬಿಟ್ಟು ಯಾರ ಹೋಗಬೇಕ?" ಎಂದಳು.

ತನ್ನದೇ ಮಾತು, ಅಕ್ಷರಶಃ. ತಾರವ್ವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಹಿಂಡು ಅಲ್ಲೇ ಎದುರಿಗಿತ್ತು, ಮನುಷ್ಯರು ಇಬ್ಬರೇ ಇದ್ದರು.

"ನಾ ಅದೇನಿ," ಎಂದಳು. "ಕುರಿ ನಾ ಕಾಯ್ತೇನಿ. ನೀವಿಬ್ರೂ ಹೋಗ್ರಿ. ಒಂದ ತಿಂಗಳಾಗಲಿ, ಎರಡಾಗಲಿ."

ಮಾಳೇಶ ನೆಲ ನೋಡುತ್ತ, "ಅಣ್ಣ ಒಪ್ಪತಾನೇನು?" ಎಂದ. ತಾರವ್ವ ಅವನ ಫೋನನ್ನೇ ಇಸಿದುಕೊಂಡು ಗಂಡನಿಗೆ ಹಚ್ಚಿದಳು. ಎಲ್ಲವನ್ನೂ ಹೇಳಿದಳು.

"ಕುದುರಿ ಹೆಂಗೈತಿ?" ಎಂದ ಕಾಮಣ್ಣ ಆ ಕಡೆಯಿಂದ.

"ಮುದುಕಿ ಆಗೈತಿ."

"ಹೂಂ. ನಾಳೆ ಟೆಂಪೋದಾಗ ನಮ್ಮ ಕುರೀನೂ ಹಾಕ್ಕೊಂಡ ಬರ್ತೇನಿ."

ಸೋಮವಾರ ಮುಂಜಾನೆ ಮಾಳೇಶ ಮತ್ತು ಕೆಂಚವ್ವ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಅಲ್ಲಿ ಏನು ಹೇಳುತ್ತಾರೋ, ಹೊತ್ತು ಇನ್ನೂ ಇದೆಯೋ ಮೀರಿದೆಯೋ, ತಾರವ್ವನಿಗೆ ಗೊತ್ತಿರಲಿಲ್ಲ. ಹೊರಡುವಾಗ ಕೆಂಚವ್ವ ಭಂಡಾರಕ್ಕೆ ಹಣೆ ಒಡ್ಡಿದ್ದಳು. ತಾರವ್ವ ಇಲ್ಲವೆನ್ನದೆ ಹಚ್ಚಿದ್ದಳು.

ಕಾಮಣ್ಣ ಹಿಂಡಿನ ಮುಂದೆ ಹೋದ. ತಾರವ್ವ ಮಗಳನ್ನು ಮುದಿ ಕುದುರೆಯ ಬೆನ್ನ ಮೇಲೆ ಕೂರಿಸಿ ಹಗ್ಗ ಹಿಡಿದು ಹಿಂದೆ ನಡೆದಳು. ತೊಟ್ಟಿಲ ಕೂಸಾಗಿ ಏರಬೇಕಿದ್ದ ಕುದುರೆಯನ್ನು ಮನಿಷಾ ಈಗ ಮೊದಲ ಸಲ ಏರಿದ್ದಳು. ಬಿಸಿಲು ಇನ್ನೂ ಎಳೆಯದಿತ್ತು. ಅವಳು ಅವತ್ತಿನಿಂದ ಆ ಮಾತು ಎತ್ತಿರಲಿಲ್ಲ, ಉಗುರಿಗೆ ಮತ್ತೆ ಬಣ್ಣವನ್ನೂ ಹಚ್ಚಿರಲಿಲ್ಲ. ಕಾಲುವೆಯ ಹತ್ತಿರ ಬಂದಾಗ ಕುದುರೆಯ ಕುತ್ತಿಗೆಯ ಕೂದಲು ನೇವರಿಸುತ್ತ ಕೇಳಿದಳು.

"ಅವ್ವಾ, ನಾ ಸಣ್ಣಾಕಿ ಇದ್ದಾಗ ನಮ್ಮ ಕುರಿ ಕಾಯಾಕ ಯಾರೂ ಇದ್ದಿದ್ದಿಲ್ಲೇನು?"

ತಾರವ್ವ ಇಲ್ಲ ಎನ್ನಬಹುದಿತ್ತು. ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆದಳು.

"ಇದ್ರವ್ವಾ," ಎಂದಳು. "ಕಾಲುವಿ ಆಚೀ ಕಡೆ ನಿನ್ನ ಕಾಕಾ ಇದ್ದ. ನಾವು ಕೇಳಲಿಲ್ಲ."